ಮನೆಯ ಬೆಲೆ ಕೇಳುವ ಮೊದಲು ನೀರಿನ ದಾರಿ ಕೇಳಿ

(ಹೋದ ಭಾನುವಾರ ಸಂಜೆ ಶಿವಮೊಗ್ಗದಲ್ಲಿ ಅಕ್ಕಿ ಗಿರಣಿಯ ಕೆಲಸಗಾರರೂ ಪೇಟೆಯ ಚಿಕ್ಕ ವ್ಯಾಪಾರಿಗಳೂ ಕೂಡಿದ್ದ ಸಭೆಯಲ್ಲಿ ನಾವು ಆಡಿದ ಮಾತು. ಅಚ್ಚು ಹಾಕಿಸಬೇಕೆಂದು ಕೇಳಿದವರು ಒತ್ತಾಯ ಮಾಡಿದ್ದರಿಂದ ಇಲ್ಲಿ ಕೊಟ್ಟಿದೆ.)



ಈ ಸಭೆಯಲ್ಲಿ ಬೋನಸ್ಸಿನ ವಿಚಾರ ಮಾತಾಡಬೇಕೆಂದು ಗೊತ್ತು ಮಾಡಿದ್ದೆವು. ಅದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳೋಣ. ಅದಕ್ಕಿಂತ ಜರೂರಾದ ಸಂಗತಿಯೊಂದು ಬಂದು ಬಾಗಿಲಲ್ಲಿ ಕುಳಿತಿದೆ. ಇಲ್ಲಿ ಕುಳಿತವರಲ್ಲಿ ಹತ್ತು ಹನ್ನೆರಡು ಮಂದಿಯ ಜೇಬಿನಲ್ಲಿ ಬಣ್ಣದ ಕಾಗದವೊಂದು ಇದೆ ಎಂಬುದು ನಮಗೆ ಗೊತ್ತು. ಊರ ಹೊರಗೆ ಹಳ್ಳದ ಬದಿಯಲ್ಲಿ ಹೊಸ ಬಡಾವಣೆ. ಮೂವತ್ತು ನಲವತ್ತರ ಸೈಟು. ಪೇಟೆಯ ಬೆಲೆಗಿಂತ ಬಹಳ ಅಗ್ಗ. ಬರುವ ಶನಿವಾರದೊಳಗೆ ಮುಂಗಡ ಕೊಟ್ಟವರಿಗೆ ಇನ್ನೂ ರಿಯಾಯಿತಿ. ಕಾಗದದ ಮೇಲೆ ತೆಂಗಿನ ಮರ ಇದೆ, ಮಕ್ಕಳ ಉಯ್ಯಾಲೆ ಇದೆ, ದೇವಸ್ಥಾನ ಇದೆ. ಹಳ್ಳದ ಚಿತ್ರ ಮಾತ್ರ ಇಲ್ಲ.

ನೀವು ಸೈಟು ಕೊಳ್ಳಕೂಡದೆಂದು ಹೇಳಲು ನಾವು ಬಂದಿಲ್ಲ. ಬಾಡಿಗೆ ಮನೆಯಲ್ಲಿ ಹುಟ್ಟಿ ಬಾಡಿಗೆ ಮನೆಯಲ್ಲೇ ಸಾಯಬೇಕೆಂದು ದುಡಿಯುವವನ ಹಣೆಯಲ್ಲಿ ಯಾರೂ ಬರೆದಿಲ್ಲ. ಸ್ವಂತ ಸೂರು ಬೇಕೆಂಬುದು ದುರಾಸೆಯೂ ಅಲ್ಲ. ಆದರೆ ನೀವು ಕೊಡುವ ಹಣ ಎಂಥದೆಂದು ಒಮ್ಮೆ ನೆನೆಸಿಕೊಳ್ಳಿ. ಇಪ್ಪತ್ತು ವರ್ಷ ಮೂಟೆ ಹೊತ್ತ ಬೆನ್ನಿನ ಹಣ ಅದು. ಹೆಂಡತಿಯ ಕೊರಳಿನ ಸರ, ಭವಿಷ್ಯನಿಧಿ, ಮಗಳ ಮದುವೆಗೆಂದು ಕಟ್ಟಿದ ಚೀಟಿ. ಶ್ರೀಮಂತನ ಒಂದು ಸೈಟು ಮುಳುಗಿದರೆ ಇನ್ನೊಂದು ಇರುತ್ತದೆ. ನಮ್ಮದು ಮುಳುಗಿದರೆ ಜೊತೆಗೆ ಇಪ್ಪತ್ತು ವರ್ಷ ಮುಳುಗುತ್ತದೆ. ಆದ್ದರಿಂದ ಮುಂಗಡ ಕೊಡುವ ಮೊದಲು ಎರಡು ಲೆಕ್ಕ ಮಾಡಬೇಕು. ಒಂದು ನೀರಿನ ಲೆಕ್ಕ, ಇನ್ನೊಂದು ವಿಮೆಯ ಲೆಕ್ಕ. ಈ ಎರಡನ್ನು ಮಾಡದೆ ಕೊಂಡ ಅಗ್ಗದ ಮನೆಯಷ್ಟು ದುಬಾರಿ ಮನೆ ಇನ್ನೊಂದಿಲ್ಲ. ಇಂದು ನಾವು ಹೇಳಬೇಕಾದದ್ದು ಇಷ್ಟೆ.

ನಮ್ಮ ಅನುಭವವನ್ನೇ ಮೊದಲು ಹೇಳುತ್ತೇವೆ. ನಾವು ಮೆಟ್ರಿಕ್ ಮುಗಿಸಿ ಚಿಕ್ಕ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಹೊಳೆಯ ಕಡೆಯ ತಗ್ಗಿನ ಬೀದಿಯೊಂದರಲ್ಲಿ ಬಾಡಿಗೆಗೆ ಇದ್ದೆವು. ಪಕ್ಕದ ಮನೆಯಲ್ಲಿ ಗಿರಣಿಯ ಹಮಾಲರೊಬ್ಬರು. ನಾವು ಅವರನ್ನು ಅಣ್ಣ ಎಂದು ಕರೆಯುತ್ತಿದ್ದೆವು. 2018ರಲ್ಲಿ ಆ ಮನೆಯನ್ನು ಅವರು ಕ್ರಯಕ್ಕೆ ತೆಗೆದುಕೊಂಡರು. ಗೋಡೆಗೆಲ್ಲ ಹೊಸ ಸುಣ್ಣ, ಬಾಗಿಲಿಗೆ ಹೊಸ ಬಣ್ಣ. ಮಾರಿದವನು ಕೀಲಿ ಕೊಡುವಾಗ ಸಿಹಿಯನ್ನೂ ಕೊಟ್ಟು ಹೋದ. 2019ರ ಆಗಸ್ಟಿನಲ್ಲಿ ತುಂಗೆ ಏರಿತು. ಒಂದು ರಾತ್ರಿಯಲ್ಲಿ ಮೊಣಕಾಲು, ಬೆಳಗಾಗುವುದರೊಳಗೆ ಸೊಂಟ. ನಮ್ಮದು ಹೋದದ್ದು ಒಂದು ಪೆಟ್ಟಿಗೆ ಪುಸ್ತಕ, ಮಕ್ಕಳ ಪರೀಕ್ಷೆಯ ಹಾಳೆಗಳು. ಅಣ್ಣನದು ಹಿಂಗೋಡೆ ಕುಸಿಯಿತು. ಅಕ್ಕಿ, ಹಾಸಿಗೆ, ಹೊಲಿಗೆ ಯಂತ್ರ, ಎಲ್ಲ ಕೆಸರಾಯಿತು. ನೀರು ಇಳಿದ ಮೇಲೆ ನಾವಿಬ್ಬರೂ ಗೋಡೆ ಉಜ್ಜಿದೆವು. ನೆನೆದ ಸುಣ್ಣ ಪದರ ಪದರವಾಗಿ ಎದ್ದು ಬಂತು. ಒಳಗೆ ಏನಿತ್ತು ಗೊತ್ತೆ? ಎದೆಯೆತ್ತರಕ್ಕೆ ಕಂದು ಬಣ್ಣದ ಹಳೆಯ ಗೆರೆ! ಆ ಮನೆ ಹಿಂದೆಯೂ ಮುಳುಗಿತ್ತು. ಮಾರಿದವನಿಗೆ ಅದು ಗೊತ್ತಿತ್ತು. ಬೀದಿಗೆಲ್ಲ ಗೊತ್ತಿತ್ತು. ಕೊಂಡವರು ಕೇಳಿರಲಿಲ್ಲ, ಅಷ್ಟೆ. ಅಣ್ಣ ಆ ಗೆರೆಯ ಮೇಲೆ ಬೆರಳಿಟ್ಟು, “ಮೇಷ್ಟ್ರೆ, ಕ್ರಯಪತ್ರ ಇದು. ನಾನು ಓದಲಿಲ್ಲ” ಎಂದರು. ಆ ಮಾತು ಇವತ್ತಿಗೂ ನಮ್ಮ ಕಿವಿಯಲ್ಲಿದೆ.

ಈಗ ನೀರಿನ ಲೆಕ್ಕ. ನಮ್ಮ ಹೊಳೆಯ ಸ್ವಭಾವವನ್ನು ತಿಳಿಯದೆ ನಮ್ಮೂರಲ್ಲಿ ಮನೆ ಕೊಳ್ಳುವುದೆಂದರೆ ಕಣ್ಣು ಕಟ್ಟಿಕೊಂಡು ಸಂತೆ ಮಾಡಿದಂತೆ. ತುಂಗೆ ಹುಟ್ಟುವುದು ಗಂಗಾಮೂಲದಲ್ಲಿ. ಶೃಂಗೇರಿ, ತೀರ್ಥಹಳ್ಳಿ ಹಾದು ಮಲೆನಾಡಿನ ದೊಡ್ಡ ಮಳೆಯನ್ನೆಲ್ಲ ಹೊತ್ತು ಬರುತ್ತಾಳೆ. ಊರಿಗೆ ಮೇಲೆ ಗಾಜನೂರಿನಲ್ಲಿ ಅಣೆಕಟ್ಟೆ ಇದೆಯಲ್ಲ, ಅದು ತಡೆಯುವುದಿಲ್ಲವೆ ಎಂದು ಕೆಲವರು ಕೇಳುತ್ತಾರೆ. ಆ ಅಣೆಕಟ್ಟೆ ಹಿಡಿಯುವುದು ಸುಮಾರು 3.24 ಟಿ.ಎಂ.ಸಿ. ನೀರು. ಭದ್ರಾ ಅಣೆಕಟ್ಟೆ 71 ಟಿ.ಎಂ.ಸಿ.ಗಿಂತ ಹೆಚ್ಚು ಹಿಡಿಯುತ್ತದೆ. ಲಿಂಗನಮಕ್ಕಿ ಸುಮಾರು 151. ಗಾಜನೂರು ಬೇಗ ತುಂಬುತ್ತದೆ. ತುಂಬಿದ ಮೇಲೆ ಮೇಲಿನಿಂದ ಬಂದಷ್ಟನ್ನೂ ಕೆಳಕ್ಕೆ ಬಿಡಲೇಬೇಕು. ಆದ್ದರಿಂದ ತೀರ್ಥಹಳ್ಳಿಯ ಕಡೆ ಎಡೆಬಿಡದೆ ಸುರಿದರೆ ನಮ್ಮೂರಿನಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯ ನಡುವಿನ ಮಂಟಪ ಮುಳುಗಿತೆ ಎಂದು ನಮ್ಮ ಹಿರಿಯರು ಮಳೆಗಾಲದಲ್ಲಿ ನೋಡಿಕೊಂಡು ಬರುತ್ತಿದ್ದರು. ಇಂದಿಗೂ ಜನ ನೋಡಲು ಹೋಗುತ್ತಾರೆ. ಅದು ಬರಿ ಮೋಜಲ್ಲ. ಅದೇ ನಮ್ಮೂರಿನ ಅಳತೆಗೋಲು.

ಹೊಳೆಯಿಂದ ದೂರವಿದ್ದರೆ ಭಯವಿಲ್ಲವೆಂದೂ ತಿಳಿಯಬೇಡಿ. ಹೊಳೆ ಒಂದು ದಾರಿ. ಹಳ್ಳ, ಕೆರೆಕೋಡಿ, ರಾಜಕಾಲುವೆ, ನಾಲೆ ಬೇರೆ ದಾರಿಗಳು. ಬೆಂಗಳೂರಿನಲ್ಲಿ ನದಿಯ ದಡ ಎಲ್ಲಿದೆ? ಆದರೂ 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರಿನ ಕಡೆ ಕೋಟಿಗಟ್ಟಲೆ ಬೆಲೆಯ ಬಂಗಲೆಗಳಿಗೆ ನೀರು ನುಗ್ಗಿ, ಸಾಹುಕಾರರು ಟ್ರ್ಯಾಕ್ಟರು ಹತ್ತಿ, ದೋಣಿ ಹತ್ತಿ ಹೊರಬಂದದ್ದನ್ನು ನೀವೆಲ್ಲ ನೋಡಿದ್ದೀರಿ. ಕೆರೆಯಿಂದ ಕೆರೆಗೆ ಹರಿಯುತ್ತಿದ್ದ ಕಾಲುವೆಗಳನ್ನು ಕಿರಿದು ಮಾಡಿ, ಮುಚ್ಚಿ, ಮೇಲೆ ಕಟ್ಟಿದರು. ನೀರಿಗೆ ಮಾಲೀಕನ ಹೆಸರು ಗೊತ್ತಿಲ್ಲ; ತಗ್ಗು ಮಾತ್ರ ಗೊತ್ತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ, ಬರಗಾಲದ ನಾಡೆಂದು ಹೆಸರಾದ ರಾಯಚೂರು, ಬಿಜಾಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ನೆರೆ ಬಂದು ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. “ಇಲ್ಲಿ ಎಂದೂ ನೀರು ಬಂದಿಲ್ಲ” ಎಂಬ ದಲ್ಲಾಳಿಯ ಮಾತಿಗೆ ಎಷ್ಟು ಬೆಲೆ ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಯಾರನ್ನು ಕೇಳಬೇಕು? ಅಮೆರಿಕ ದೇಶದಲ್ಲಿ ಸರ್ಕಾರವೇ ನೆರೆಯ ನಕ್ಷೆ ಮಾಡಿ ಜನರ ಮುಂದಿಡುತ್ತದೆ. ಅಲ್ಲಿ 1968ರಲ್ಲಿ ರಾಷ್ಟ್ರೀಯ ನೆರೆ ವಿಮೆಯ ಕಾನೂನು ಆಯಿತು. ನಕ್ಷೆಯಲ್ಲಿ ಹೆಚ್ಚು ಅಪಾಯವೆಂದು ಗುರುತಾದ ಕಡೆ ಬ್ಯಾಂಕಿನ ಸಾಲದಿಂದ ಮನೆ ಕೊಳ್ಳುವವರು ನೆರೆಯ ವಿಮೆ ಮಾಡಿಸಲೇಬೇಕೆಂದು 1973ರಲ್ಲಿ ಕಟ್ಟು ಮಾಡಿದರು. ಬಂಡವಾಳಶಾಹಿಯ ತವರಿನಲ್ಲೇ ಇಷ್ಟು ಏರ್ಪಾಡು ಇದೆ. ನಮ್ಮಲ್ಲೂ ಕೇಂದ್ರ ಜಲ ಆಯೋಗ 1975ರಲ್ಲಿ ಒಂದು ಮಾದರಿ ಮಸೂದೆ ಬರೆದು ಎಲ್ಲ ರಾಜ್ಯಗಳಿಗೂ ಕಳಿಸಿತು. ನದಿಯ ಬಯಲನ್ನು ಅಳೆದು, ಎಲ್ಲಿ ಮನೆ ಕಟ್ಟಕೂಡದು, ಎಲ್ಲಿ ಎಚ್ಚರದಿಂದ ಕಟ್ಟಬಹುದು ಎಂದು ಗೆರೆ ಎಳೆಯಿರೆಂದು ಅದರ ತಾತ್ಪರ್ಯ. ಮಣಿಪುರ 1978ರಲ್ಲಿ, ರಾಜಸ್ಥಾನ 1990ರಲ್ಲಿ, ಉತ್ತರಾಖಂಡ 2012ರಲ್ಲಿ ಅಂಥ ಕಾನೂನು ಮಾಡಿದವು. ಕರ್ನಾಟಕ ಆ ಸಾಲಿನಲ್ಲಿಲ್ಲ. ಐವತ್ತು ವರ್ಷದಲ್ಲಿ ಎಷ್ಟು ಪಕ್ಷಗಳು ಗದ್ದುಗೆ ಏರಿ ಇಳಿದವು! ಗೆರೆ ಎಳೆಯಲು ಯಾರಿಗೂ ಕೈ ಬರಲಿಲ್ಲ. ಏಕೆ ಬರುತ್ತದೆ? ಗೆರೆ ಎಳೆದರೆ ತಗ್ಗಿನ ನೆಲ ಮಾರಿ ಹಣ ಮಾಡುವವರಿಗೆ ನಷ್ಟ. ಎಳೆಯದಿದ್ದರೆ ಕೊಂಡವರಿಗೆ ನಷ್ಟ. ಯಾರ ಕೂಗು ವಿಧಾನಸೌಧಕ್ಕೆ ಕೇಳುತ್ತದೆಂದು ನಾವು ಹೇಳಬೇಕಾಗಿಲ್ಲ.

ಸರ್ಕಾರ ನಕ್ಷೆ ಅಚ್ಚು ಹಾಕದಿದ್ದರೇನು, ನಕ್ಷೆ ಬೇರೆ ಬೇರೆ ಕಡೆ ಹರಿದು ಬಿದ್ದಿದೆ. ನಾವೇ ಆಯ್ದು ಜೋಡಿಸಿಕೊಳ್ಳಬೇಕು. ಅದರ ಮೊದಲ ತುಂಡು ಆ ಬೀದಿಯ ಜನರ ಬಾಯಲ್ಲಿದೆ. ಮನೆ ನೋಡಲು ದಲ್ಲಾಳಿಯ ಜೊತೆ ಒಮ್ಮೆ ಹೋಗಿ. ಅವನಿಲ್ಲದೆ ಎರಡು ಸಲ ಹೋಗಿ. ಅದರಲ್ಲಿ ಒಂದು ಸಲ ಜೋರು ಮಳೆ ಬರುವಾಗಲೇ ಹೋಗಿ. ಮೂಲೆಯ ಅಂಗಡಿಯವರನ್ನು, ವಯಸ್ಸಾದ ಅಜ್ಜಿಯನ್ನು, ಹಾಲು ಹಾಕುವವನನ್ನು ಕೇಳಿ. “ನೀರು ಬರುತ್ತದೆಯೆ?” ಎಂದು ಕೇಳಬೇಡಿ, ಇಲ್ಲ ಎಂದುಬಿಡುತ್ತಾರೆ. “2019ರಲ್ಲಿ ಎಲ್ಲಿವರೆಗೆ ಬಂದಿತ್ತು?” ಎಂದು ಕೇಳಿ. ಆಗ ಕೈ ತಾನಾಗಿ ಮೇಲೆದ್ದು ಎತ್ತರ ತೋರಿಸುತ್ತದೆ. ಹಳೆಯ ಗೋಡೆಗಳ ಬುಡ ನೋಡಿ. ಆ ಬೀದಿಯ ಮನೆಗಳ ಹೊಸ್ತಿಲು ಎಷ್ಟು ಮೆಟ್ಟಿಲು ಮೇಲಿದೆ ನೋಡಿ. ಎಲ್ಲರೂ ನಾಲ್ಕು ಮೆಟ್ಟಿಲು ಏರಿಸಿ ಕಟ್ಟಿದ್ದು ನಿಮಗೆ ತೋರಿಸಿದ ಮನೆ ಮಾತ್ರ ನೆಲಕ್ಕೆ ಸಮನಾಗಿದ್ದರೆ ಕಾರಣ ಕೇಳಿ.

ಎರಡನೆಯ ತುಂಡು ಕಂದಾಯದ ದಫ್ತರದಲ್ಲಿದೆ. ಸೈಟಿನ ಮೂಲ ಸರ್ವೆ ನಂಬರು ಕೇಳಿಕೊಂಡು ಅದರ ಪಹಣಿ ತೆಗೆಸಿ, ಗ್ರಾಮನಕ್ಷೆಯನ್ನೂ ತೆಗೆಸಿ. ಗ್ರಾಮನಕ್ಷೆಯಲ್ಲಿ ಹಳ್ಳ, ಕೆರೆ, ಕಾಲುವೆ, ಬಂಡಿದಾರಿಗಳನ್ನು ಹಿಂದಿನ ಕಾಲದ ಮೋಜಣಿಯವರು ಗುರುತಿಸಿಟ್ಟಿದ್ದಾರೆ. ಇಂದು ಮಣ್ಣು ತುಂಬಿ ಸಮ ಮಾಡಿದರೂ ಕಾಗದದ ಮೇಲೆ ಹಳ್ಳ ಹರಿಯುತ್ತಲೇ ಇರುತ್ತದೆ. ಪಹಣಿಯಲ್ಲಿ ಖರಾಬು ಎಂಬ ಮಾತಿದೆಯೆ ನೋಡಿ. ಖರಾಬಿನಲ್ಲಿ ಎರಡು ಬಗೆ. ‘ಎ’ ಖರಾಬು ಸಾಗುವಳಿಗೆ ಬಾರದ ಕಲ್ಲುನೆಲ ಮುಂತಾದದ್ದು. ‘ಬಿ’ ಖರಾಬು ಸಾರ್ವಜನಿಕರದು: ಹಳ್ಳ, ಕೆರೆ, ದಾರಿ, ಸ್ಮಶಾನ. ಅದನ್ನು ಮಾರುವ ಹಕ್ಕು ಯಾವ ಗೌಡನಿಗೂ ಇಲ್ಲ, ಯಾವ ಸಾಹುಕಾರನಿಗೂ ಇಲ್ಲ. ಫೋನು ಬಲ್ಲ ಹುಡುಗರು ಇಲ್ಲಿದ್ದೀರಿ. ಸರ್ವೆ ಇಲಾಖೆಯ ‘ದಿಶಾಂಕ್’ ಎಂಬ ಆ್ಯಪ್ ಇದೆ. ನೆಲದ ಮೇಲೆ ನಿಂತು ನೋಡಿದರೆ ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಅದನ್ನು ಗ್ರಾಮನಕ್ಷೆಯ ಪಕ್ಕದಲ್ಲಿಟ್ಟು ನೋಡಿ. ಅರ್ಥವಾಗದಿದ್ದರೆ ಗ್ರಾಮ ಲೆಕ್ಕಿಗರನ್ನು ಕೇಳಿ. ಈಗ ಅವರನ್ನು ಗ್ರಾಮ ಆಡಳಿತಾಧಿಕಾರಿ ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಹೇಳುವುದು ಅವರ ಕೆಲಸ.

ಮೂರನೆಯ ತುಂಡು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿದೆ. ಬಡಾವಣೆಗೆ ಮಂಜೂರಾತಿ ಇದೆಯೆ, ಮಂಜೂರಾದ ನಕ್ಷೆಯಲ್ಲಿ ಹಳ್ಳದ ಬದಿ ಎಷ್ಟು ಜಾಗ ಖಾಲಿ ಬಿಡಬೇಕೆಂದಿದೆ, ನಿಮಗೆ ತೋರಿಸಿದ ಸೈಟು ಆ ಖಾಲಿ ಜಾಗದಲ್ಲೇ ಇದೆಯೆ, ಇದನ್ನು ಕೇಳಿ. 2016ರ ರಿಯಲ್ ಎಸ್ಟೇಟ್ ಕಾನೂನಿನಂತೆ 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯನ್ನು ರೇರಾ ಪ್ರಾಧಿಕಾರದಲ್ಲಿ ನೋಂದಾಯಿಸದೆ ಮಾರಕೂಡದು. ಕರಾರು ಬರೆದು ನೋಂದಣಿ ಮಾಡಿಸುವ ಮೊದಲು ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡ ಕೇಳುವಂತೆಯೂ ಇಲ್ಲ. ಬಣ್ಣದ ಕಾಗದದಲ್ಲಿ ರೇರಾ ನಂಬರು ಇದೆಯೆ ಎಂದು ಈಗಲೇ ತೆಗೆದು ನೋಡಿ. ಇಲ್ಲದಿದ್ದರೆ ಆ ಕಾಗದ ಕಡಲೆಕಾಯಿ ಕಟ್ಟಲು ಸರಿ.

ನಾಲ್ಕನೆಯ ತುಂಡನ್ನು ಬಹಳ ಜನ ಮರೆಯುತ್ತಾರೆ. ನೆರೆ ಬಂದಾಗಲೆಲ್ಲ ಸರ್ಕಾರ ಪರಿಹಾರ ಕೊಡುತ್ತದೆ. ಕೊಟ್ಟದ್ದಕ್ಕೆ ಪಟ್ಟಿ ಇರುತ್ತದೆ. ಯಾವ ಬೀದಿಯ ಮನೆಗೆ ನೀರು ನುಗ್ಗಿತು, ಯಾರ ಗೋಡೆ ಬಿತ್ತು ಎಂದು ಅಧಿಕಾರಿಗಳೇ ನೋಡಿ ಬರೆದ ಪಟ್ಟಿ. ಯೋಚಿಸಿ ನೋಡಿ, ನೆರೆಯ ನಕ್ಷೆ ಎಂದರೆ ಅದೇ ಅಲ್ಲವೆ? 2005ರ ಮಾಹಿತಿ ಹಕ್ಕು ಕಾನೂನಿನಂತೆ ಹತ್ತು ರೂಪಾಯಿ ಕಟ್ಟಿ ಅರ್ಜಿ ಕೊಟ್ಟರೆ 30 ದಿನದಲ್ಲಿ ಉತ್ತರ ಕೊಡಬೇಕು. ಜನರ ಹೆಸರು ಬೇಡ. 2019ರಿಂದೀಚೆಗೆ ಯಾವ ಯಾವ ಬೀದಿಯಲ್ಲಿ ಎಷ್ಟು ಮನೆಗೆ ಪರಿಹಾರ ಕೊಟ್ಟಿರಿ ಎಂದು ತಹಶೀಲ್ದಾರರ ಕಚೇರಿಯನ್ನು ಕೇಳಿದರೆ ಸಾಕು. ಅಲ್ಲದೆ ಅದೇ 2005ರ ವಿಪತ್ತು ನಿರ್ವಹಣಾ ಕಾನೂನಿನಂತೆ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು; ವಿಪತ್ತಿಗೆ ಸುಲಭವಾಗಿ ಸಿಕ್ಕುವ ಪ್ರದೇಶಗಳನ್ನು ಅದರಲ್ಲಿ ಗುರುತಿಸಬೇಕು. ಅದು ಗುಟ್ಟಿನ ಕಾಗದವಲ್ಲ. ಕೇಳಿ ಓದಿ.

ಇನ್ನು ವಿಮೆಯ ಲೆಕ್ಕ. ವಿಮೆ ಎಂದೊಡನೆ ನಮ್ಮವರು ಕೈ ಮುಗಿಯುತ್ತಾರೆ. ಏಜೆಂಟರ ಕಾಟ ಅಷ್ಟಾಗಿದೆ. ಆದರೆ ಮನೆಯ ವಿಮೆ ಜೀವವಿಮೆಯಂತಲ್ಲ; ಕಟ್ಟಿದ ಹಣ ಮರಳಿ ಬರುವುದಿಲ್ಲ, ಮನೆ ಹಾಳಾದರೆ ಮಾತ್ರ ಪರಿಹಾರ. 2021ರ ಏಪ್ರಿಲ್ 1ರಿಂದ ‘ಭಾರತ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಬಂದಿದೆ. ಬೆಂಕಿ, ಬಿರುಗಾಳಿ, ನೆರೆ, ಭೂಕಂಪ, ಭೂಕುಸಿತ ಎಲ್ಲ ಅದರಲ್ಲಿ ಸೇರಿದೆ. ಅಮೆರಿಕದಲ್ಲಿ ಮನೆಯ ಸಾಮಾನ್ಯ ವಿಮೆಗೆ ನೆರೆ ಸೇರುವುದಿಲ್ಲ. ಅದಕ್ಕೆ ಬೇರೆ ವಿಮೆ ಬೇಕು. ನಮ್ಮಲ್ಲಿ ನೆರೆ ಒಳಗೇ ಇದೆ. ನಮಗೆ ಅನುಕೂಲವಾದ ಇದೊಂದು ಸಂಗತಿಯನ್ನೂ ನಮಗೆ ಯಾರೂ ಹೇಳುವುದಿಲ್ಲ.

ಮೊತ್ತದ ಲೆಕ್ಕ ಹೀಗೆ. ವಿಮೆ ನೆಲಕ್ಕಲ್ಲ, ಕಟ್ಟಡಕ್ಕೆ. 600 ಚದರ ಅಡಿಯ ಮನೆಯನ್ನು ಮತ್ತೆ ಕಟ್ಟಲು ಅಡಿಗೆ 1,800 ರೂಪಾಯಿ ಬೀಳುತ್ತದೆಂದು ಇಟ್ಟುಕೊಳ್ಳಿ. ವಿಮೆಯ ಮೊತ್ತ 10,80,000. ಸಾಮಾನಿಗೆಂದು ಬೇರೆ ಪಟ್ಟಿ ಕೊಡದಿದ್ದರೂ ಕಟ್ಟಡದ ಮೊತ್ತದ ನೂರಕ್ಕೆ ಇಪ್ಪತ್ತರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ, ತಾನಾಗಿ ಸೇರುತ್ತದೆ. ನಮ್ಮ ಲೆಕ್ಕದಲ್ಲಿ ಅದು 2,16,000. ಒಡವೆಗೆ ಮಾತ್ರ ಬೇರೆ ಬರೆಸಬೇಕು. ಬಾಡಿಗೆಗೆ ಇರುವವರೂ ಸಾಮಾನಿಗಷ್ಟೇ ಮಾಡಿಸಬಹುದು. ಇದನ್ನು ಸರ್ಕಾರದ ಪರಿಹಾರದ ಪಕ್ಕದಲ್ಲಿಡಿ. 2019ರಲ್ಲಿ ನೀರು ನುಗ್ಗಿದ ಮನೆಗೆ ತಕ್ಷಣದ ಪರಿಹಾರವೆಂದು ಕೊಟ್ಟದ್ದು 10,000 ರೂಪಾಯಿ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದು ಸಾರಿದರು. ಪೂರ್ತಿ ಬಿದ್ದಿತೆ, ಅರ್ಧ ಬಿದ್ದಿತೆ ಎಂದು ತೀರ್ಮಾನಿಸುವಷ್ಟರಲ್ಲಿ ಬಡವನ ಚಪ್ಪಲಿ ಸವೆಯಿತು.

ಮುಂಗಡ ಕೊಡುವ ಮೊದಲೇ ಎರಡು ಮೂರು ವಿಮೆ ಕಚೇರಿಗೆ ಹೋಗಿ, ಮನೆಯ ಪೂರ್ತಿ ವಿಳಾಸ ಕೊಟ್ಟು, ನೆರೆಯೂ ಸೇರಿ ವರ್ಷಕ್ಕೆ ಪ್ರೀಮಿಯಂ ಎಷ್ಟು, ತೆರಿಗೆ ಎಷ್ಟು ಎಂದು ಬರಹದಲ್ಲಿ ಕೇಳಿ. ಯಾವನಾದರೂ ಹಿಂಜರಿದರೆ, ಹೆಚ್ಚು ಹೇಳಿದರೆ, ಅದೂ ಒಂದು ಎಚ್ಚರಿಕೆಯೇ. ಲಾಭಕ್ಕೆ ಕುಳಿತವನು ಅಪಾಯವನ್ನು ನಮಗಿಂತ ಮೊದಲು ಮೂಸುತ್ತಾನೆ. ಹಿಂದೆ ನೀರು ನುಗ್ಗಿದ್ದುಂಟೆ ಎಂದು ಅವರು ಕೇಳಿದರೆ ಮುಚ್ಚಿಡಕೂಡದು. ಮಣ್ಣಿನ ಗೋಡೆಯಿದ್ದರೆ ಮಣ್ಣಿನ ಗೋಡೆ ಎಂದೇ ಬರೆಸಿ. ಮುಚ್ಚಿಟ್ಟರೆ ನಾಳೆ ಅದೇ ನೆಪವಾಗುತ್ತದೆ. ವರ್ಷದ ಆ ಹಣವನ್ನು ಹನ್ನೆರಡರಿಂದ ಭಾಗಿಸಿ ಸಾಲದ ಕಂತಿನ ಮೇಲೆ ಸೇರಿಸಿ. ಆಗ ಬಂದದ್ದೇ ಮನೆಯ ನಿಜವಾದ ತಿಂಗಳ ಖರ್ಚು.

ಬ್ಯಾಂಕಿನಿಂದ ಸಾಲ ಪಡೆಯುವವರಿಗೆ ಇನ್ನೊಂದು ಮಾತು. ಸಾಲದ ಜೊತೆ ವಿಮೆ ಎಂದು ಹಣ ಹಿಡಿದುಕೊಳ್ಳುತ್ತಾರೆ. ಅದು ಯಾವ ವಿಮೆ ಎಂದು ಕೇಳಿ. ಹಲವು ವೇಳೆ ಅದು ಸಾಲಗಾರ ಸತ್ತರೆ ಸಾಲ ತೀರಿಸುವ ವಿಮೆ. ಗೋಡೆ ಬಿದ್ದರೆ ಅದರಿಂದ ಕಾಸೂ ಬಾರದು. ಕೆಲವೊಮ್ಮೆ ಮನೆಯ ಮೇಲೂ ವಿಮೆ ಮಾಡಿಸಿರುತ್ತಾರೆ; ಪಾಲಿಸಿಯ ಕಾಗದ ಬ್ಯಾಂಕಿನ ಬೀರುವಿನಲ್ಲಿ, ಅದು ಇದೆ ಎಂಬುದೇ ಮನೆಯವರಿಗೆ ಗೊತ್ತಿಲ್ಲ. ಪ್ರತಿ ಕೇಳಿ ಪಡೆಯಿರಿ. ಸಾಲದ ಮೊತ್ತಕ್ಕಷ್ಟೇ ಮಾಡಿಸಿದ್ದಾರೆಯೆ, ಕಟ್ಟಡದ ಪೂರ್ತಿ ಬೆಲೆಗೆ ಮಾಡಿಸಿದ್ದಾರೆಯೆ, ಎಂದಿಗೆ ಮುಗಿಯುತ್ತದೆ, ನೋಡಿಕೊಳ್ಳಿ.

ವ್ಯಾಪಾರಿ ಮಿತ್ರರೆ, ನಿಮ್ಮಲ್ಲಿ ಎಷ್ಟೋ ಜನ ಮುಂದೆ ಅಂಗಡಿ, ಹಿಂದೆ ಮನೆ ಮಾಡಿಕೊಂಡವರು. ಮನೆಯ ಪಾಲಿಸಿ ಅಂಗಡಿಯ ಸರಕಿಗೆ ಒದಗುವುದಿಲ್ಲ. ಅದಕ್ಕೆ ‘ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಬೇರೆ ಪಾಲಿಸಿ ಇದೆ. ಅಲ್ಲಿ ಪ್ರೀಮಿಯಂ ಉಳಿಸಲು ಸರಕಿನ ಬೆಲೆ ಕಡಿಮೆ ಬರೆಸುವ ಅಭ್ಯಾಸ ಬೇಡ. 10 ಲಕ್ಷದ ಸರಕಿದ್ದು 5 ಲಕ್ಷಕ್ಕೆ ಬರೆಸಿದರೆ, 2 ಲಕ್ಷದ ಮಾಲು ನೆನೆದಾಗ 2 ಲಕ್ಷ ಬರುವುದಿಲ್ಲ. ಅರ್ಧ ಬೆಲೆಗೆ ಬರೆಸಿದ್ದೀರಿ, ಅರ್ಧ ನಷ್ಟ ತೆಗೆದುಕೊಳ್ಳಿ ಎಂದು ಒಂದೇ ಲಕ್ಷ ಕೈಗಿಡುತ್ತಾರೆ.

ನೀರು ನುಗ್ಗಿದರೆ ಮೊದಲು ಜೀವ ಉಳಿಸಿಕೊಳ್ಳಿ. ಇಳಿದ ಮೇಲೆ ತೊಳೆಯುವ ಮುಂಚೆ ಚಿತ್ರ ತೆಗೆದಿಡಿ. ಕಂಪನಿಗೆ ಕೂಡಲೆ ತಿಳಿಸಿ. ಅವರ ಸರ್ವೇಯರು ಬಂದು ನೋಡುವವರೆಗೆ ಹಾಳಾದ ಸಾಮಾನನ್ನು ಬಿಸಾಡಬೇಡಿ. ಸಲ್ಲದ ಕಾರಣ ಹೇಳಿ ಹಣ ಕೊಡದಿದ್ದರೆ ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಿ. ಅಲ್ಲೂ ಆಗದಿದ್ದರೆ ವಿಮಾ ಓಂಬುಡ್ಸ್‌ಮನ್ ಎಂಬ ನ್ಯಾಯ ಹೇಳುವ ಅಧಿಕಾರಿ ಬೆಂಗಳೂರಿನಲ್ಲಿದ್ದಾರೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಮೊನ್ನೆ ಗಿರಣಿಯ ಬಾಗಿಲಲ್ಲಿ ಒಬ್ಬ ತರುಣ ಅದನ್ನು ಕೇಳಿಯೂ ಬಿಟ್ಟ. “ಮೇಷ್ಟ್ರೆ, ಎತ್ತರದ ಜಾಗ ಕೊಳ್ಳಲು ದುಡ್ಡಿದ್ದಿದ್ದರೆ ನಾನು ತಗ್ಗಿಗೆ ಏಕೆ ಹೋಗುತ್ತಿದ್ದೆ?” ಎಂದ. ಅವನು ಕೇಳಿದ್ದು ನ್ಯಾಯ. ಬಡವ ತಗ್ಗಿಗೆ ಹೋಗುವುದು ಅಜ್ಞಾನದಿಂದಲ್ಲ, ಬೆಲೆಯಿಂದ. ಎತ್ತರವನ್ನೆಲ್ಲ ಉಳ್ಳವರು ಹಿಡಿದ ಮೇಲೆ ಉಳಿದದ್ದನ್ನು ನಮಗೆ ಮಾರುತ್ತಾರೆ. ಆದರೂ ಅವನಿಗೆ ನಾವು ಲೆಕ್ಕ ಮಾಡಿ ತೋರಿಸಿದೆವು. ಮೂವತ್ತು ನಲವತ್ತರ ಸೈಟು 1,200 ಚದರ ಅಡಿ. ನಾಲ್ಕು ಅಡಿ ಏರಿಸಬೇಕಾದರೆ 4,800 ಘನ ಅಡಿ ಮಣ್ಣು. ಒಂದು ಟ್ರ್ಯಾಕ್ಟರಿಗೆ 100 ಘನ ಅಡಿ ಎಂದರೂ 48 ಲೋಡು. ಮೇಲೆ ಸುತ್ತ ಕಲ್ಲುಕಟ್ಟಡ. ವರ್ಷ ವರ್ಷದ ವಿಮೆ. ನೀರು ಬಂದ ವರ್ಷ ಕಳೆಯುವ ಕೂಲಿಯ ದಿನಗಳು. ಅವನ್ನು ಯಾವ ವಿಮೆಯೂ ಕೊಡುವುದಿಲ್ಲ. ಕೂಡಿಸಿದ ಮೇಲೆ ತಗ್ಗಿನ ಸೈಟು, ಎತ್ತರದ ಸಣ್ಣ ಸೈಟಿಗಿಂತ ಎಷ್ಟು ಅಗ್ಗ ಉಳಿಯಿತು ಎಂದು ಕೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಇಪ್ಪತ್ತು ಮೂವತ್ತರದು ಎಲ್ಲಾದರೂ ಎತ್ತರದಲ್ಲಿ ಸಿಕ್ಕೀತೆ?” ಎಂದ. ಹುಡುಕೋಣ ಎಂದೆವು. ಹುಡುಕುತ್ತಿದ್ದೇವೆ.

ಈಗಾಗಲೇ ತಗ್ಗಿನಲ್ಲಿ ಇರುವವರು ಎದೆಗುಂದಬೇಡಿ. ಹೊಸದಾಗಿ ಕಟ್ಟುವಾಗ ಗೋಡೆಯ ಹಳೆಯ ಗೆರೆಗಿಂತ ಮೇಲೆ ಹೊಸ್ತಿಲು ಇಡಿ. ಕರೆಂಟಿನ ಮೀಟರು, ಸ್ವಿಚ್ಚು ಎತ್ತರದಲ್ಲಿರಲಿ. ಕ್ರಯಪತ್ರ, ಪಡಿತರ ಚೀಟಿ, ಮಕ್ಕಳ ಅಂಕಪಟ್ಟಿ, ವಿಮೆಯ ಕಾಗದ ಎಲ್ಲ ಒಂದು ಡಬ್ಬಿಯಲ್ಲಿ ಅಟ್ಟದ ಮೇಲೆ ಇರಲಿ. ಆದರೆ ಒಬ್ಬೊಬ್ಬರೂ ತಮ್ಮ ಸೈಟನ್ನು ಮಾತ್ರ ಏರಿಸಿಕೊಂಡರೆ ನೀರು ಪಕ್ಕದವನ ಮನೆಗೆ ಹೋಗುತ್ತದೆ. ಆದ್ದರಿಂದ ಬೀದಿಯೆಲ್ಲ ಒಂದಾಗಿ ಚರಂಡಿ ಕೇಳಬೇಕು, ಹಳ್ಳ ತೆರವು ಮಾಡಿಸಬೇಕು. ನೀರಿನ ವಿಷಯದಲ್ಲಿ ಒಬ್ಬನೇ ಬಚಾವಾಗುವ ದಾರಿ ಇಲ್ಲ.

ವಿಮೆ ಎಂಬುದಾದರೂ ಏನು? ಅನೇಕರು ಸ್ವಲ್ಪ ಸ್ವಲ್ಪ ಹಾಕಿ, ಬಿದ್ದವನನ್ನು ಎತ್ತುವುದು. ಅದು ನಮ್ಮ ತತ್ತ್ವವೇ. ಅದಕ್ಕಾಗಿಯೇ 1972ರಲ್ಲಿ ಸಾಮಾನ್ಯ ವಿಮೆಯನ್ನು ರಾಷ್ಟ್ರೀಕರಣ ಮಾಡಿದಾಗ ನಮ್ಮಂಥವರು ಸಂತೋಷಪಟ್ಟರು. 2021ರಲ್ಲಿ ಆ ಕಾನೂನನ್ನು ತಿದ್ದಿ, ಸರ್ಕಾರದ ಪಾಲು ನೂರಕ್ಕೆ 51ಕ್ಕಿಂತ ಕೆಳಗಿಳಿಯಲು ದಾರಿ ಮಾಡಿದ್ದಾರೆ. ಅದರ ವಿಚಾರ ಇನ್ನೊಂದು ದಿನ ಮಾತಾಡೋಣ. ಇಂದು ನಮ್ಮ ಬೇಡಿಕೆ ಮೂರು. ನೆರೆಯ ಗೆರೆಯನ್ನು ಸರ್ಕಾರ ಅಳೆದು ಪ್ರತಿ ಗ್ರಾಮ ಪಂಚಾಯತಿ, ಪ್ರತಿ ವಾರ್ಡಿನ ಕಚೇರಿಯ ಗೋಡೆಯ ಮೇಲೆ ತೂಗುಹಾಕಲಿ. ಮಾರುವವನು ಹಿಂದೆ ನೀರು ಬಂದದ್ದನ್ನು ಕ್ರಯಪತ್ರದಲ್ಲೇ ಬರೆಯಬೇಕೆಂದು ಕಾನೂನಾಗಲಿ. ತಗ್ಗಿನಲ್ಲಿರುವ ಬಡವರ ಮನೆಯ ಪ್ರೀಮಿಯಂ ಸರ್ಕಾರವೇ ಕಟ್ಟಲಿ. ಪ್ರತಿ ನೆರೆಗೂ ಭಿಕ್ಷೆಯಂತೆ ಪರಿಹಾರ ಹಂಚುವುದಕ್ಕಿಂತ ಅದು ಗೌರವದ ದಾರಿ.

ಕಾನೂನು ಬರುವವರೆಗೆ ಶನಿವಾರ ಕಾಯುವುದಿಲ್ಲ. ಆದ್ದರಿಂದ ಈ ಸಭೆ ಒಂದು ನಿರ್ಣಯ ಮಾಡಲಿ. ಬಣ್ಣದ ಕಾಗದ ಇರುವವರು ಯಾರೂ ಈ ವಾರ ಮುಂಗಡ ಕೊಡುವುದಿಲ್ಲ. ನಾಳೆ ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ನಮ್ಮಲ್ಲಿ ನಾಲ್ವರು ಸರ್ವೆ ನಂಬರು ಹಿಡಿದು ಗ್ರಾಮನಕ್ಷೆ ತೆಗೆಸಲು ಹೋಗುತ್ತೇವೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಇಲ್ಲೇ, ಈ ಮೇಜಿನ ಮೇಲೆ, ಬರೆದಿಟ್ಟಿದ್ದೇವೆ. ಹೋಗುವಾಗ ರುಜು ಹಾಕಿ. ರಿಯಾಯಿತಿ ಹೋದೀತು ಎಂದು ಹೆದರಬೇಡಿ. ಒಳ್ಳೆಯ ನೆಲವಾದರೆ ಅದು ಮುಂದಿನ ಶನಿವಾರವೂ ಅಲ್ಲೇ ಇರುತ್ತದೆ.

(ಸಭೆ ಕೈ ಎತ್ತಿ ಒಪ್ಪಿತು. ನಲವತ್ತಾರು ಮಂದಿ ಅರ್ಜಿಗೆ ರುಜು ಹಾಕಿದರು. ಸೋಮವಾರ ತೆಗೆಸಿದ ಗ್ರಾಮನಕ್ಷೆಯಲ್ಲಿ ಆ ಹಳ್ಳ ಬಡಾವಣೆಯ ಬದಿಯಲ್ಲಲ್ಲ, ನಡುವೆಯೇ ಹರಿಯುತ್ತದೆ. ನಕ್ಷೆಯನ್ನು ನಮ್ಮ ಕಚೇರಿಯ ಬಾಗಿಲಿಗೆ ಅಂಟಿಸಿದೆ. ಬಂದು ನೋಡಬಹುದು.)